‘ತ್ರವಾಯೇ’: ‘ಕೆಲಸ’ದ ಹಿಂದಿನ ದುಡಿಮೆ

ತರಗತಿಯಲ್ಲಿ ‘ಕೆಲಸ’ದ ಪಾಠ ಬಂದಾಗ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. 50 ಕಿಲೋಗ್ರಾಂ ಮೂಟೆಯನ್ನು ಹೊತ್ತು ನಿಂತ ಹಮಾಲಿ ಬೆವರುತ್ತಾನೆ, ದಣಿಯುತ್ತಾನೆ. ಆದರೂ ಮೂಟೆಯ ಮೇಲೆ ಅವನು ಮಾಡಿದ ಕೆಲಸ ಸೊನ್ನೆ ಎನ್ನುತ್ತದೆ ಭೌತವಿಜ್ಞಾನ. ಇದು ನ್ಯಾಯವೇ? ಉತ್ತರಕ್ಕಾಗಿ ಒಂದು ಫ್ರೆಂಚ್ ಕ್ರಿಯಾಪದದ ಚರಿತ್ರೆಯನ್ನು ನೋಡಬೇಕು.

‘ತ್ರವಾಯೇ’ ಎಂದರೆ ಇಂದಿನ ಫ್ರೆಂಚ್‌ನಲ್ಲಿ ದುಡಿ, ಕೆಲಸ ಮಾಡು ಎಂದರ್ಥ. ಹಳೆಯ ಫ್ರೆಂಚ್‌ನಲ್ಲಿ ಅದಕ್ಕೆ ಹಿಂಸಿಸು, ಯಾತನೆಪಡು ಎಂಬ ಅರ್ಥವಿತ್ತು. ಮೂರು ಗೂಟಗಳ ಹಿಂಸಾಸಾಧನವನ್ನು ಸೂಚಿಸುವ ಲ್ಯಾಟಿನ್‌ನ ‘ತ್ರಿಪಾಲಿಯಂ’ ಅದರ ಮೂಲವೆಂದು ಬಹುಕಾಲದಿಂದ ಹೇಳಲಾಗಿದೆ. ಈಚಿನ ಕೆಲವು ಭಾಷಾವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಅದರ ನಾಮಪದ ‘ತ್ರವಾಯ್’ ಇಂದಿಗೂ ಹೆರಿಗೆಯ ಬೇನೆಗೆ ಸಲ್ಲುತ್ತದೆ. ತೇವಕ್ಕೆ ಮರ ಹಿಗ್ಗಿ ಸೊಟ್ಟಗಾದರೆ ‘ಮರ ದುಡಿಯುತ್ತಿದೆ’ ಎನ್ನುತ್ತಾರೆ. ಭಾರ ಹೊತ್ತು ನಿಶ್ಚಲವಾಗಿ ನಿಂತ ತೊಲೆಯನ್ನು ಕುರಿತೂ ಫ್ರೆಂಚ್ ಎಂಜಿನಿಯರುಗಳು ಇದೇ ಕ್ರಿಯಾಪದವನ್ನು ಬಳಸುತ್ತಾರೆ!

ಈ ಪದ ವಿಜ್ಞಾನಕ್ಕೆ ಬಂದುದು ಯಂತ್ರಗಳ ಮೂಲಕ. ಯಂತ್ರದ ಫಲವನ್ನು ಅಳೆಯುವ ಪರಿಮಾಣಕ್ಕೆ ಒಮ್ಮತದ ಹೆಸರಿರಲಿಲ್ಲ. ಲಜಾರ್ ಕಾರ್ನೋ 1783ರಲ್ಲಿ ಒಂದು ಹೆಸರು ಕೊಟ್ಟರು. ಕೂಲಂಬ್ ‘ಕ್ರಿಯಾ ಪರಿಮಾಣ’ವೆಂದರು. ಮನುಷ್ಯರ ದಿನದ ದುಡಿಮೆಯನ್ನು ಅಳೆದ ಕೂಲಂಬ್, ಹೊರಗೆ ಕಾಣುವ ಫಲವೇ ಬೇರೆ, ದೇಹದ ದಣಿವೇ ಬೇರೆ ಎಂಬುದನ್ನು ಗುರುತಿಸಿದ್ದರು. 1829ರಲ್ಲಿ ಕೊರಿಯೋಲಿಸ್ ತಮ್ಮ ಗ್ರಂಥದಲ್ಲಿ ಬಲ ಮತ್ತು ಬಲದ ದಿಶೆಯಲ್ಲಿನ ಸ್ಥಾನಪಲ್ಲಟಗಳ ಗುಣಲಬ್ಧಕ್ಕೆ ‘ತ್ರವಾಯ್’ ಎಂದು ಹೆಸರಿಟ್ಟರು. ಮೆಟ್ಸ್ ನಗರದಲ್ಲಿ ಕೆಲಸಗಾರರಿಗೆ ಪಾಠ ಹೇಳುತ್ತಿದ್ದ ಪೋನ್ಸಲೆ ಕೂಡ ಅದೇ ಕಾಲದಲ್ಲಿ ಈ ಪದವನ್ನು ಬಳಕೆಗೆ ತಂದರು. ಅಲ್ಲಿಯವರೆಗೆ ದ್ರವ್ಯರಾಶಿ ಮತ್ತು ವೇಗದ ವರ್ಗಗಳ ಗುಣಲಬ್ಧವನ್ನು ‘ಜೀವಂತ ಬಲ’ ಎನ್ನುತ್ತಿದ್ದರು. ಕೊರಿಯೋಲಿಸ್ ಅದರ ಅರ್ಧವನ್ನು ತೆಗೆದುಕೊಂಡರು. ಆಗ ಅದರ ಹೆಚ್ಚಳ ನಿವ್ವಳ ಕೆಲಸಕ್ಕೆ ನೇರವಾಗಿ ಸಮವಾಯಿತು. ನಮ್ಮ ಚಲನಶಕ್ತಿಯ ಸೂತ್ರದಲ್ಲಿರುವ ½ ಇದೇ.

ಹೀಗೆ ದುಡಿಯುವವರ ಪದವನ್ನು ವಿಜ್ಞಾನ ಎರವಲು ಪಡೆಯಿತು. ಅರ್ಥವನ್ನು ಕಿರಿದುಗೊಳಿಸಿ ನಿಖರಗೊಳಿಸಿತು. ದಣಿವು ಸೂತ್ರದಿಂದ ಹೊರಗುಳಿಯಿತು. ಆದರೆ ದಣಿವು ಸುಳ್ಳಲ್ಲ. ಮೂಟೆ ಅಲುಗದಿದ್ದರೂ ಹಮಾಲಿಯ ಸ್ನಾಯುಗಳು ಬಿಗಿತ ಕಾಯ್ದುಕೊಳ್ಳಲು ಎಡೆಬಿಡದೆ ರಾಸಾಯನಿಕ ಶಕ್ತಿಯನ್ನು ವ್ಯಯಿಸುತ್ತವೆ. ಅದು ಉಷ್ಣವಾಗಿ ಹೊರಬೀಳುತ್ತದೆ.

ಆದ್ದರಿಂದ ‘ಅವನು ಕೆಲಸವನ್ನೇ ಮಾಡಲಿಲ್ಲ’ ಎಂದು ಹೇಳಿ ಪಾಠ ಮುಗಿಸಬಾರದು. ‘ಮೂಟೆಗೆ ಶಕ್ತಿ ವರ್ಗಾವಣೆಯಾಗಲಿಲ್ಲ, ಅವನ ದೇಹದ ಶಕ್ತಿ ಮಾತ್ರ ವ್ಯಯವಾಯಿತು’ ಎನ್ನಬೇಕು. ಆ ಮಾತು ಭೌತವಿಜ್ಞಾನಕ್ಕೂ ಸರಿ, ಹಮಾಲಿಗೂ ಸರಿ. ಪ್ರಶ್ನೆ ಕೇಳಿದ ವಿದ್ಯಾರ್ಥಿಯ ತಂದೆಯೇ ಹಮಾಲಿಯಾಗಿರಬಹುದು.