ಕಟ್ಟಿದವನೇ ಹಾಡಿದಾಗ

ಹೊನ್ನಾಳಿಯಲ್ಲಿ ನಮ್ಮ ಬೀದಿಯ ಮಠದಲ್ಲಿ ಸೋಮವಾರದ ರಾತ್ರಿ ಭಜನೆ ನಡೆಯುತ್ತಿತ್ತು. ಏಕತಾರಿ, ದಮ್ಮಡಿ, ಎರಡು ಜೊತೆ ತಾಳ, ವಾದ್ಯವೆಂದರೆ ಇಷ್ಟೆ. ಅಲ್ಲಿ ಶಿಶುನಾಳ ಶರೀಫರ ಪದಗಳಿಗೆ ಒಂದು ಧಾಟಿಯಿತ್ತು. ನ್ಯಾಮತಿಯ ಮೇಳದವರು ಬಂದರೆ ಅದೇ ಪದಕ್ಕೆ ಬೇರೊಂದು ಧಾಟಿ. ಚನ್ನಗಿರಿಯ ಕಡೆ ನನ್ನ ಸೋದರತ್ತೆಯ ಊರಿನಲ್ಲಿ ಮೂರನೆಯದು. ಯಾವುದು ಸರಿ, ಯಾವುದು ತಪ್ಪು ಎಂದು ಯಾರೂ ವಾದಿಸಿದ್ದನ್ನು ನಾನು ಕಾಣೆ. ಆ ಮಠಕ್ಕೆ ಒಂದು ದಿನ ಟೇಪ್ ರೆಕಾರ್ಡರನ್ನು ಹೊತ್ತುಕೊಂಡು ಹೋದವನು ನಾನೇ. ಸಿ. ಅಶ್ವಥ್ ಅವರ ಕಂಠದಲ್ಲಿ ಶರೀಫರ ಪದಗಳಿದ್ದ ಕ್ಯಾಸೆಟ್ಟು ಅದು. ಆ ರಾತ್ರಿ ಭಜನೆ ನಿಂತು, ಎಲ್ಲರೂ ಕೇಳುತ್ತ ಕುಳಿತರು. ಅಂದಿನ ನನ್ನ ಸಂತೋಷವನ್ನು ಈಗ ನೆನೆದರೆ ಮನಸ್ಸಿಗೆ ತುಸು ಕಸಿವಿಸಿಯಾಗುತ್ತದೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಹಾಡನ್ನು ಕಟ್ಟುವವನೂ ಹಾಡುವವನೂ ಒಬ್ಬನೇ ಆಗಿರುವುದು ನಮ್ಮಲ್ಲಿ ಹೊಸತಲ್ಲ. ದಾಸರು ತಾವೇ ಕಟ್ಟಿ ತಾವೇ ಹಾಡಿದರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರೂ ಹಾಗೆಯೇ. ಅಂಕಿತವೆಂಬುದು ಪದದ ಕೊನೆಯಲ್ಲಿ ಒತ್ತಿದ ಮುದ್ರೆ. ಯಾರ ಬಾಯಲ್ಲಿ ಹೊರಟರೂ ಪದ ಇಂಥವರದೆಂದು ಅದು ಸಾರುತ್ತಿತ್ತು. ಆದರೆ ಸ್ವರಕ್ಕೆ ಅಂಕಿತವಿರಲಿಲ್ಲ. ಮಾತು ಕರ್ತೃವಿನದು, ಮಟ್ಟು ಊರಿನದು ಎಂಬ ಒಂದು ಒಪ್ಪಂದ, ಯಾರೂ ಬರೆದಿಡದೆಯೇ, ಬಹುಕಾಲ ನಡೆದುಬಂದಿತು.

ಗ್ರಾಮಫೋನು ಈ ಸಂಸಾರವನ್ನು ಮೂರು ಪಾಲು ಮಾಡಿತು. ಬರೆದವನು ಒಬ್ಬ, ರಾಗ ಹಾಕಿದವನು ಇನ್ನೊಬ್ಬ, ಹಾಡಿದವನು ಮತ್ತೊಬ್ಬ. ಕನ್ನಡ ಕಾವ್ಯದ ಮಟ್ಟಿಗೆ ಈ ಪಾಲನ್ನು ಅರ್ಧಕ್ಕೆ ತಡೆದವರು ಪಿ. ಕಾಳಿಂಗರಾಯರು. ಬೇಂದ್ರೆ, ಕುವೆಂಪು ಮೊದಲಾದವರ ಕವಿತೆಗಳಿಗೆ ತಾವೇ ಧಾಟಿ ಕೂಡಿಸಿ ತಾವೇ ಹಾಡಿದರು. ಅವರ ತರುವಾಯ ಮೈಸೂರು ಅನಂತಸ್ವಾಮಿಯವರು. 1978ರಲ್ಲಿ ಬಂದ ‘ನಿತ್ಯೋತ್ಸವ’ವನ್ನು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಹೇಳುತ್ತಾರೆ, ಕವಿತೆ ನಿಸಾರ್ ಅಹಮದ್ ಅವರದು, ರಾಗಸಂಯೋಜನೆ ಅನಂತಸ್ವಾಮಿಯವರದು. ನಿಸಾರರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರಾಗಿದ್ದವರು. ನಮ್ಮ ಹೊನ್ನಾಳಿ, ಚನ್ನಗಿರಿಗಳು 1997ರಲ್ಲಿ ದಾವಣಗೆರೆಗೆ ಸೇರುವವರೆಗೆ ಶಿವಮೊಗ್ಗ ಜಿಲ್ಲೆಯವೇ. ಹೀಗಾಗಿ ಆ ಕ್ಯಾಸೆಟ್ಟು ನಮ್ಮವರದೇ ಎಂಬ ಹೆಮ್ಮೆ ನಮಗೆ.

ಕಂಠವೆಂಬುದು ಕವಿಯಿಂದ ಎಷ್ಟು ದೂರ ಸರಿಯಬಲ್ಲದು ಎಂಬುದಕ್ಕೆ ‘ಕಾಡು ಕುದುರೆ’ಯ ಪ್ರಸಂಗ ಒಳ್ಳೆಯ ನಿದರ್ಶನ. ಚಂದ್ರಶೇಖರ ಕಂಬಾರರು ತಮ್ಮ ಕವಿತೆಯನ್ನು ತಾವೇ ಹಾಡಬಲ್ಲ ಕವಿ. ಕವಿಗೋಷ್ಠಿಗಳಲ್ಲಿ ಅವರನ್ನು ಕೇಳಿದವರು ಅದನ್ನು ಮರೆಯಲಾರರು. ಆ ಚಿತ್ರಕ್ಕೆ ಕಥೆ ಅವರದು, ನಿರ್ದೇಶನ ಅವರದು, ಸಂಗೀತವೂ ಅವರದೇ. ಆದರೂ ಹಾಡಿಗೆ ಕರೆದದ್ದು ವೃತ್ತಿಯಿಂದ ವಕೀಲರಾಗಿದ್ದ ಶಿವಮೊಗ್ಗ ಸುಬ್ಬಣ್ಣನವರನ್ನು. 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಸುಬ್ಬಣ್ಣನವರ ಕಂಠಕ್ಕೆ ಬಂದಿತು. ತನ್ನ ಹಾಡಿಗೆ ತನ್ನದಕ್ಕಿಂತ ತಕ್ಕ ಕಂಠ ಬೇರೆಲ್ಲೋ ಇದೆಯೆಂದು ಅರಿಯುವುದೂ ಒಂದು ರಸಿಕತೆಯೇ ಸರಿ.

ಅಶ್ವಥ್ ಅವರ ದಾರಿ ಇದಕ್ಕೆ ತಿರುವುಮುರುವು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ ನೌಕರಿ, ಬಿಡುವಿನಲ್ಲಿ ರಂಗಸಂಗೀತ; ಆಮೇಲೆ ‘ಕಾಕನಕೋಟೆ’ ಚಿತ್ರದ ಸಂಗೀತ. ಮೊದಮೊದಲು ಜನ ಅವರನ್ನು ಬಲ್ಲದ್ದು ಬೇರೆಯವರಿಂದ ಹಾಡಿಸುವ ಸಂಯೋಜಕರಾಗಿ. ಶರೀಫರ ಪದಗಳ ಮೇಲೆ ಅವರ ಗಮನ ಹರಿಯುವಂತೆ ಮಾಡಿದವರಲ್ಲಿ ಶಿವಮೊಗ್ಗದವರೇ ಆದ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಪಾತ್ರ ದೊಡ್ಡದು. ಕೆಲವು ಪದಗಳನ್ನು ಸುಬ್ಬಣ್ಣನವರು ಹಾಡಿದರು. ಉಳಿದವಕ್ಕೆ ಅಶ್ವಥ್ ತಮ್ಮ ಕಂಠವನ್ನೇ ಕೊಟ್ಟರು. 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲಂತೂ, ತೆರೆಯ ಮೇಲಿನ ಶ್ರೀಧರರ ಮುಖಕ್ಕೂ ತೆರೆಯ ಹಿಂದಿನ ಅಶ್ವಥರ ಕಂಠಕ್ಕೂ ಬೆಸುಗೆ ಬಿದ್ದು, ಶರೀಫರ ದನಿಯೇ ಇದೆಂದು ನಾಡು ನಂಬಿತು.

ಆ ಕಂಠವನ್ನು ಒಪ್ಪದವರೂ ಇದ್ದರು. ಕೂಗುತ್ತಾರೆ, ಶ್ರುತಿಯ ಸೌಖ್ಯಕ್ಕಿಂತ ಆವೇಶ ಹೆಚ್ಚು ಎಂದು ಸಂಗೀತ ಬಲ್ಲವರು ಹೇಳುವುದನ್ನು ನಾನೂ ಕೇಳಿದ್ದೇನೆ. ಅದರಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಆದರೆ ರಾಗ ಹಾಕಿದವನು ತಾನೇ ಹಾಡಿದಾಗ ಒದಗುವ ಒಂದು ಲಾಭ ಅವರ ಕಿವಿಗೆ ಬೀಳಲಿಲ್ಲವೆಂದು ನನ್ನ ಅನಿಸಿಕೆ. ಪಲ್ಲವಿಯ ಯಾವ ಪದದ ಮೇಲೆ ಭಾರ ಹಾಕಬೇಕು, ಎಲ್ಲಿ ಉಸಿರು ಕಟ್ಟಿ ಮಾತನ್ನು ತಡೆಯಬೇಕು, ಎಲ್ಲಿ ರಾಗವನ್ನು ಬಿಟ್ಟು ಬರಿಯ ಮಾತಾಗಿಬಿಡಬೇಕು ಎಂಬುದನ್ನು ಸ್ವರಲಿಪಿ ಹೇಳಲಾರದು. ಒಳ್ಳೆಯ ಗಾಯಕ ಅದನ್ನು ಕಲಿಯುತ್ತಾನೆ. ಕಟ್ಟಿದವನಿಗೆ ಅದು ಕಟ್ಟುವಾಗಲೇ ಗೊತ್ತಿರುತ್ತದೆ. ಬೆಡಗಿನ ಪದವೊಂದರಲ್ಲಿ ಒಗಟು ಬಿಚ್ಚುವ ಮೊದಲು ಅಶ್ವಥ್ ಒಂದು ಕ್ಷಣ ನಿಲ್ಲುತ್ತಾರಲ್ಲ, ಆ ನಿಲುಗಡೆಗೆ ನೂರು ಸಂಗತಿ ಸಮವಲ್ಲ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ನೆರೆದ ಜನಸಾಗರ ಶ್ರುತಿಶುದ್ಧಿಯನ್ನು ಅಳೆಯಲು ಬಂದದ್ದಲ್ಲ. 2009ರ ಡಿಸೆಂಬರ್ 29ರಂದು, ತಾವು ಹುಟ್ಟಿದ ತಾರೀಖಿನಂದೇ, ಅವರು ತೀರಿಕೊಂಡರು.

ಇನ್ನು ಕಸಿವಿಸಿಯ ಮಾತು. ಮಟ್ಟು ಊರಿನದೆಂದೆನಷ್ಟೆ? ಕ್ಯಾಸೆಟ್ಟು ಬಂದ ಮೇಲೆ ಮಟ್ಟಿಗೂ ಅಂಕಿತ ಬಿದ್ದಿತು. ಅದು ಎಷ್ಟು ಗಟ್ಟಿಯಾದ ಅಂಕಿತವೆಂಬುದು ನಾಡಗೀತೆಯ ವಿಚಾರದಲ್ಲಿ ಎಲ್ಲರಿಗೂ ತಿಳಿಯಿತು. ಕುವೆಂಪು ಅವರ ಗೀತೆಗೆ ಅನಂತಸ್ವಾಮಿಯವರ ಧಾಟಿಯೋ ಅಶ್ವಥರ ಧಾಟಿಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, ಇಬ್ಬರೂ ಇಲ್ಲವಾದ ಮೇಲೆ, 2022ರ ಜನವರಿಯಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಗೆ ಆದೇಶದ ಮುದ್ರೆ ಒತ್ತಿತು. ಎರಡು ನಿಮಿಷ ಮೂವತ್ತು ಸೆಕೆಂಡು ಎಂದು ಕಾಲವನ್ನೂ ಗೊತ್ತುಪಡಿಸಿತು. ವಿವಾದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಶಾಲೆಯ ಮಕ್ಕಳೆಲ್ಲ ಒಂದೇ ಬಗೆಯಾಗಿ ಹಾಡಬೇಕಾದ ಗೀತೆಗೆ ಅದು ಬೇಕಾದದ್ದೇ. ಮಠದ ಭಜನೆಗೆ ಯಾರೂ ಆದೇಶ ಹೊರಡಿಸಲಿಲ್ಲ. ಅಲ್ಲಿಯೂ ನಡೆದದ್ದು ಅದೇ.

ಟೇಪ್ ರೆಕಾರ್ಡರ್ ಹೋದ ಎರಡು ವರ್ಷಕ್ಕೆ ನಮ್ಮ ಮಠದ ಹುಡುಗರು ಅಶ್ವಥರ ಧಾಟಿಯನ್ನೇ ಹಿಡಿದಿದ್ದರು, ಅವರು ನಿಲ್ಲುವ ಕಡೆಯಲ್ಲಿಯೇ ನಿಲ್ಲುತ್ತಿದ್ದರು. ನ್ಯಾಮತಿಯವರದೂ ಅದೇ, ಚನ್ನಗಿರಿಯವರದೂ ಅದೇ. ನಮ್ಮಲ್ಲಿ ಏಕತಾರಿ ಹಿಡಿಯುತ್ತಿದ್ದ ಹಿರಿಯರೊಬ್ಬರು ಕ್ರಮೇಣ ಹಿಂದಿನ ಸಾಲಿಗೆ ಸರಿದು ತಾಳ ಹಾಕತೊಡಗಿದರು. “ಯಾಕಜ್ಜಾ, ನೀವು ಹಾಡೋದಿಲ್ಲ?” ಎಂದು ಒಮ್ಮೆ ಕೇಳಿದೆ. “ನಂದು ತಪ್ಪು ಧಾಟಿಯಂತಪ್ಪಾ, ಹುಡುಗ್ರು ಹೇಳಿದ್ರು” ಎಂದರು. ಮಾತಿನಲ್ಲಿ ಕಹಿಯಿರಲಿಲ್ಲ; ನನಗೆ ಅದೇ ಹೆಚ್ಚು ಚುಚ್ಚಿತು. ಅವರ ಹಾಡನ್ನು ನನ್ನ ಅದೇ ಯಂತ್ರದಲ್ಲಿ ಹಿಡಿದಿಡಬಹುದಿತ್ತೆಂಬುದು ಅವರು ಹೋದ ಮೇಲೆ ನನಗೆ ಹೊಳೆಯಿತು.

ಅವರ ಮಗಳನ್ನು ಜಗಳೂರಿಗೆ ಕೊಟ್ಟಿತ್ತು. ಹೋದ ವರ್ಷ ಆ ಕಡೆ ಹೋದಾಗ ಮನೆಯನ್ನು ವಿಚಾರಿಸಿಕೊಂಡು ಹೋದೆ. ಆಕೆಗೂ ಈಗ ಎಪ್ಪತ್ತರ ಮೇಲೆ. ಅಪ್ಪನ ಧಾಟಿ ನೆನಪಿದೆಯೇ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ಮೊರದಲ್ಲಿದ್ದ ಸಜ್ಜೆಯನ್ನು ಬದಿಗಿಟ್ಟು, ಪಲ್ಲವಿಯನ್ನೂ ಒಂದು ನುಡಿಯನ್ನೂ ಹಾಡಿದರು. ಎರಡನೆಯ ನುಡಿಗೆ ಬರುವಷ್ಟರಲ್ಲಿ ದನಿ ತಾನಾಗಿ ಅಶ್ವಥರ ಧಾಟಿಗೆ ಜಾರಿತು. ಆಕೆಗೂ ಅದು ತಿಳಿಯಿತು. ನಕ್ಕು, ಮೊದಲಿಂದ ಮತ್ತೆ ಶುರುಮಾಡಿದರು.