ಕತ್ತಿನ ಗಂಟು: ಕ್ಷಯವೋ, ಹಾಡ್ಕಿನ್ ಲಿಂಫೋಮಾವೋ?

ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ, ಯುವಕ ಯುವತಿಯರ ಕತ್ತಿನಲ್ಲಿ ನೋವಿಲ್ಲದ ಗಂಟು ಕಂಡಾಗ ವೈದ್ಯರು ಮೊದಲು ಟಿಬಿಯನ್ನು ಶಂಕಿಸುವುದು ಸಹಜ. ಆದರೆ ವಿರಳ ಕ್ಯಾನ್ಸರ್ ಆದ ಹಾಡ್ಕಿನ್ ಲಿಂಫೋಮಾವೂ ಹರೆಯದವರಲ್ಲೇ ಹೆಚ್ಚಾಗಿ ತಲೆದೋರುತ್ತದೆ. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಎರಡರಲ್ಲೂ ಉಂಟು.

ಈ ಗೊಂದಲ ಹಳೆಯದು. 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಕಿನ್ ತಮ್ಮ ಹೆಸರು ಹೊತ್ತ ಈ ಲಿಂಫೋಮಾವನ್ನು ವರ್ಣಿಸಿದರು. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಇದನ್ನು ಕ್ಷಯದ್ದೇ ಒಂದು ವಿಲಕ್ಷಣ ರೂಪವೆಂದು ಭಾವಿಸಿದರು. ಅವರು ನೋಡಿದ ಹಲವು ರೋಗಿಗಳಿಗೆ ಟಿಬಿಯೂ ಇತ್ತು. ಇದು ಕ್ಷಯವಲ್ಲ, ಬೇರೆಯೇ ರೋಗವೆಂದು 1902ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಡೊರೊಥಿ ರೀಡ್ ವಾದಿಸಿದರು. ಒಂದು ರೋಗ ಪತ್ತೆಯಾದ ಮಾತ್ರಕ್ಕೆ ಇನ್ನೊಂದು ಇಲ್ಲವೆನ್ನಲಾಗದು ಎಂಬ ಪಾಠ ಇಲ್ಲಿದೆ.

ಇವರಿಬ್ಬರ ಹೆಸರು ಹೊತ್ತ ರೀಡ್–ಸ್ಟರ್ನ್‌ಬರ್ಗ್ ಕೋಶಗಳೇ ಹಾಡ್ಕಿನ್ ಲಿಂಫೋಮಾದ ಗುರುತು. ಗಂಟಿನಲ್ಲಿ ಅವು ಬಹಳ ವಿರಳ. ಸುತ್ತಲೂ ತುಂಬಿರುವುದು ಉರಿಯೂತದ ಸಾಮಾನ್ಯ ಕೋಶಗಳು. ಆದ್ದರಿಂದ ಸೂಜಿ ಪರೀಕ್ಷೆಗೆ (ಎಫ್‌ಎನ್‌ಎಸಿ) ಅವು ಸಿಗದೇ ಹೋಗಬಹುದು. ಟಿಬಿಯಲ್ಲಿ ಸಾಮಾನ್ಯವಾದ ಗ್ರ್ಯಾನುಲೋಮಾ (ಉರಿಯೂತದ ಕೋಶಗಳ ಗುಂಪು) ಲಿಂಫೋಮಾದ ಗಂಟಿನಲ್ಲೂ ಕಾಣಬಹುದಾದ್ದರಿಂದ, ವರದಿಯಲ್ಲಿ ಆ ಒಂದು ಪದವಿದ್ದರೆ ಟಿಬಿ ಖಚಿತವಾಗದು.

ಲಿಂಫೋಮಾವನ್ನು ಟಿಬಿಯೆಂದು ತಪ್ಪು ತಿಳಿದು ಔಷಧಿ ಆರಂಭಿಸಿದ ಬಳಿಕದ ಅಪಾಯ ಇನ್ನೂ ಸೂಕ್ಷ್ಮ. ಟಿಬಿ ಔಷಧಿ ಸಾಮಾನ್ಯವಾಗಿ 6 ತಿಂಗಳದ್ದು. ನಿಜವಾದ ಟಿಬಿಯಲ್ಲೂ ಚಿಕಿತ್ಸೆಯ ನಡುವೆ ಗಂಟು ದೊಡ್ಡದಾಗುವುದುಂಟು. ಹಾಗಾಗಿ ಗಂಟು ಬೆಳೆದರೂ ಸಂಶಯ ಹುಟ್ಟುವುದಿಲ್ಲ. ಅಷ್ಟರಲ್ಲಿ ಲಿಂಫೋಮಾ ಎದೆ, ಹೊಟ್ಟೆಯ ಗ್ರಂಥಿಗಳಿಗೆ ಹರಡಬಹುದು. ತಪ್ಪು ತಿರುಗುಮುರುಗಾದರೂ ಹಾನಿಯೇ: ಟಿಬಿ ರೋಗಿಗೆ ಕೀಮೋಥೆರಪಿ ಕೊಟ್ಟರೆ ರೋಗನಿರೋಧಕ ಶಕ್ತಿ ಕುಗ್ಗಿ ಟಿಬಿ ಉಲ್ಬಣಿಸಬಹುದು.

ಸಂಶಯವಿದ್ದಲ್ಲಿ, ಸಾಧ್ಯವಾದರೆ ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡಿಸುವುದು ಒಳ್ಳೆಯದು. ಒಂದು ಭಾಗ ಫಾರ್ಮಲಿನ್‌ನಲ್ಲಿ ರೋಗಶಾಸ್ತ್ರ ವಿಭಾಗಕ್ಕೆ ಹೋಗಬೇಕು. ಅಲ್ಲಿ ರೀಡ್–ಸ್ಟರ್ನ್‌ಬರ್ಗ್ ಕೋಶಗಳನ್ನು ಗುರುತಿಸಲು ಸಿಡಿ30, ಸಿಡಿ15 ಪರೀಕ್ಷೆಗಳು ನೆರವಾಗುತ್ತವೆ. ಇನ್ನೊಂದು ಭಾಗ ಫಾರ್ಮಲಿನ್ ಸೋಕದೆ ಟಿಬಿ ಕಲ್ಚರ್ ಮತ್ತು ಸಿಬಿನ್ಯಾಟ್‌ಗೆ (ಕ್ಷಯಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಹೋಗಬೇಕು, ಏಕೆಂದರೆ ಫಾರ್ಮಲಿನ್ ಕ್ಷಯಾಣುಗಳನ್ನು ಕೊಲ್ಲುತ್ತದೆ. ಲಿಂಫೋಮಾದ ಶಂಕೆಯಿದ್ದರೆ ಬಯಾಪ್ಸಿಗೆ ಮುನ್ನ ಸ್ಟೆರಾಯ್ಡ್ ಕೊಡದಿರುವುದೇ ಲೇಸು. ಅದು ಗಂಟನ್ನು ತಾತ್ಕಾಲಿಕವಾಗಿ ಕರಗಿಸಿ ರೋಗವನ್ನು ಮರೆಮಾಚಬಲ್ಲದು.

ಹಾಡ್ಕಿನ್ ಲಿಂಫೋಮಾ ಬೇಗ ಪತ್ತೆಯಾದರೆ ಬಹುಪಾಲು ರೋಗಿಗಳು ಗುಣವಾಗುತ್ತಾರೆ. ಆದ್ದರಿಂದಲೇ ಇಲ್ಲಿ ಕಳೆದುಹೋಗುವ ತಿಂಗಳುಗಳು ನೋವಿನ ಸಂಗತಿ. ಪುರಾವೆ ಸಿಗುವ ಮುನ್ನ ಟಿಬಿ ಔಷಧಿ ಆರಂಭಿಸಲೇಬೇಕಾದರೆ, ರೋಗನಿರ್ಣಯ ಊಹೆಯದೆಂದು ಚೀಟಿಯಲ್ಲೇ ಬರೆದು, ಮರುಪರಿಶೀಲನೆಯ ದಿನಾಂಕವನ್ನೂ ಅಲ್ಲೇ ಗೊತ್ತುಪಡಿಸಬೇಕು.