ಎರ್ರಗುಡಿ ಬಂಡೆ ಹೇಳುವ ಗೌರವದ ಪಾಠ



ಬೇರೆಯವರ ಗುರುಗಳನ್ನ, ದೇವರನ್ನ ಗೌರವಿಸಬೇಕು ಅನ್ನೋದು ಹೊಸ ಮಾತಲ್ಲ. ನಮ್ಮ ಗುತ್ತಿ ಹತ್ತಿರದ ಎರ್ರಗುಡಿಯಲ್ಲಿ ಸುಮಾರು 2,250 ವರ್ಷಗಳ ಹಿಂದೆಯೇ ಅಶೋಕ ಚಕ್ರವರ್ತಿ ಅದನ್ನ ಬಂಡೆ ಮೇಲೆ ಕೆತ್ತಿಸಿದ್ದಾನೆ. ಅಲ್ಲಿರುವ 12ನೇ ಶಾಸನದ ಸಾರ ಇಷ್ಟು: ನಾಲಿಗೆ ಹಿಡಿತದಲ್ಲಿರಲಿ, ಕಾರಣವಿಲ್ಲದೆ ಇನ್ನೊಬ್ಬರ ಮತವನ್ನ ಹಳಿದರೆ ಕೇಡಾಗೋದು ನಮ್ಮ ಮತಕ್ಕೇ. ಇದನ್ನ ಬರೆಸಿದವನು ಬುದ್ಧನ ಉಪಾಸಕ. ಆದರೂ ಎಲ್ಲ ಪಂಥದವರನ್ನೂ ಗೌರವಿಸಿದ.

ರಾಯದುರ್ಗದಿಂದ ಮೊಳಕಾಲ್ಮೂರು ಕಡೆ ಹೋದರೆ ಬ್ರಹ್ಮಗಿರಿಯಲ್ಲೂ ಅಶೋಕನ ಶಾಸನವಿದೆ. ತಂದೆತಾಯಿಯ ಮಾತು ಕೇಳಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುವನ್ನ ಗೌರವಿಸಬೇಕು ಅಂತ ಅದು ಹೇಳುತ್ತೆ.

ನಮಗೆ ಮುಖ್ಯವಾದದ್ದು 11ನೇ ಶಾಸನ. ದಾಸರನ್ನ, ಆಳುಗಳನ್ನ ಸರಿಯಾಗಿ ನಡೆಸಿಕೊಳ್ಳೋದೂ ಧರ್ಮವೇ ಅನ್ನುತ್ತೆ ಅದು. ಶಾಲೆಯಲ್ಲಿ ಬುದ್ಧ, ಬಸವಣ್ಣನವರ ಪಟಕ್ಕೆ ಹಾರ ಹಾಕಿ, ಪಕ್ಕದಲ್ಲಿ ಕೂತ ಕೇರಿಯ ಮಗುವನ್ನ ದೂರ ಇಟ್ಟರೆ ಆ ಹಾರಕ್ಕೆ ಏನು ಬೆಲೆ? ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯ ದಿನ, ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದ್ದು ಮನುಷ್ಯರೆಲ್ಲ ಸಮಾನರು ಅನ್ನೋ ನಂಬಿಕೆಯಿಂದಲೇ.

ಶಾಲೆಯ ಬಾವುಟದಲ್ಲಿ ನಾವು ನಮಿಸುವ ಚಕ್ರವೂ ಅಶೋಕನದ್ದೇ. ಯಾರ ಗುರುವನ್ನೂ ಹೀಯಾಳಿಸೋದು ಬೇಡ, ಯಾರನ್ನೂ ಕೀಳಾಗಿ ಕಾಣೋದು ಬೇಡ. ಈ ಎರಡೂ ಒಂದೇ ಪಾಠ.

ಜೈ ಭೀಮ್.